ನಮ್ಮೂರ ರುದ್ರಭೂಮಿಗೆ ನಾನು ಬರೆದ ಸುಳ್ಳುಗಳು

ಬಸ್ಸಿನಲ್ಲಿ ನಮ್ಮೂರಿಗೆ ಮೊದಲ ಸಲ ಬರುವವರು ಊರ ಹೊರಗಿನ ರುದ್ರಭೂಮಿಯನ್ನು ಕಲ್ಯಾಣಮಂಟಪವೆಂದು ತಿಳಿಯುತ್ತಾರೆ. ಅದು ಅವರ ತಪ್ಪಲ್ಲ. ಬಣ್ಣ ಬಳಿದ ಕಮಾನು, ಕಮಾನಿನ ಎರಡೂ ಕಡೆ ಸಿಮೆಂಟಿನ ಆನೆ, ಒಳಗೆ ಕಣ್ಣು ಕುಕ್ಕುವ ಟೈಲ್ಸು, ಸ್ಟೀಲಿನ ಕಟಕಟೆ. ವಾಲಗವೊಂದೇ ಕಡಿಮೆ. ಒಮ್ಮೆ ಹುಬ್ಬಳ್ಳಿ ಕಡೆಯ ಬೀಗರೊಬ್ಬರು ಅಕ್ಷತೆಯ ಹೊತ್ತು ಮೀರಿತೆಂಬ ಗಡಿಬಿಡಿಯಲ್ಲಿ ಅಲ್ಲೇ ಇಳಿದು, ಉಡುಗೊರೆಯ ಡಬ್ಬಿ ಹಿಡಿದುಕೊಂಡು ಆನೆಗಳ ನಡುವೆ ಒಳಗೆ ಹೋಗಿಯೇ ಬಿಟ್ಟಿದ್ದರು. ಆ ಕಥೆಯನ್ನು ನಾನು ಊರ ತುಂಬ ಹೇಳಿಕೊಂಡು ನಕ್ಕಿದ್ದೇನೆ. ನವಲಗುಂದ ತಾಲೂಕಿನಲ್ಲಿ ಜೀವಂತ ಇದ್ದವರಿಗಿಂತ ಸತ್ತವರು ಚಂದದ ಮನೆಯಲ್ಲಿರುವ ಊರು ಯಾವುದೆಂದು ಕೇಳಿದರೆ ನಮ್ಮದೇ ಎಂದು ಎದೆ ತಟ್ಟಿ ಹೇಳಬಹುದು.

ನಾನು ಊರ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅಕ್ಷರ ದುಂಡಗಿವೆ, ನಾಲ್ಕು ದೊಡ್ಡ ಶಬ್ದಗಳು ಗೊತ್ತಿವೆ ಎಂಬ ಕಾರಣಕ್ಕೆ ಊರಿನವರು ನನಗೊಂದು ಕೆಲಸ ಹಚ್ಚಿದ್ದಾರೆ. ಯಾರಾದರೂ ತೀರಿಕೊಂಡರೆ ವರ್ಷ ತುಂಬುವುದರೊಳಗೆ ಅವರ ಮಕ್ಕಳು ನನ್ನ ಕಟ್ಟೆಗೆ ಬಂದು ಕೂಡುತ್ತಾರೆ.

"ಸರ, ನಮ್ಮ ಅಪ್ಪನ ಸಲುವಾಗಿ ನಾಕ ಸಾಲ ಬರದ ಕೊಡ್ರಿ. ಕಲ್ಲಿನ ಮ್ಯಾಲ ಕೆತ್ತಸೂದೈತಿ."

"ಏನಂತ ಬರೀಲಿ?"

"ಚೊಲೊ ಬರೀರಿ. ನಿಮಗ ಗೊತ್ತಿಲ್ಲದ್ದೇನೈತ್ರಿ?"

ನನಗೆ ಗೊತ್ತಿದ್ದುದನ್ನು ಬರೆದಿದ್ದರೆ ಒಂದು ಕಲ್ಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಚೊಲೊ ಬರೆದೆ. ತಮ್ಮನ ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಒತ್ತಿಕೊಂಡು ಬಂದವನಿಗೆ 'ಭ್ರಾತೃವತ್ಸಲ' ಎಂದೆ. ಸೊಸೆಯಂದಿರನ್ನು ಮೂಲೆಗೆ ನಿಲ್ಲಿಸಿ ಅಳಿಸಿದ ಮುದುಕಿಗೆ 'ಮಮತೆಯ ಮೂರ್ತಿ' ಎಂದೆ. ಬರೆದುಕೊಟ್ಟ ಹಾಳೆ ಅಣ್ಣಿಗೇರಿಯ ಕಲ್ಲಿನ ಕೆಲಸದವನ ಹತ್ತಿರ ಹೋಗಿ, ಎರಡು ಕಾಗುಣಿತ ತಪ್ಪುಗಳನ್ನು ಕೂಡಿಸಿಕೊಂಡು ಗ್ರಾನೈಟಿನ ಮೇಲೆ ಕೂಡುತ್ತಿತ್ತು. ತಪ್ಪು ಕಂಡಾಗ ನನಗೆ ಸಿಟ್ಟು ಬರುತ್ತಿತ್ತು. ಸುಳ್ಳಿಗೆ ಬಂದದ್ದಿಲ್ಲ.

ಇಷ್ಟೆಲ್ಲ ಆಡಂಬರ ಯಾತರ ಮೇಲೆ ನಿಂತಿದೆ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತೇವೆ. ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂಡಲು ಎಷ್ಟು ಬೇಕೋ ಅಷ್ಟೇ ಅಗಲದ ಕುಣಿ. ವಿಭೂತಿ, ಬಿಲ್ವಪತ್ರಿ, ಮೇಲೆ ಮಣ್ಣು. ಹತ್ತು ಕೂರಿಗೆ ಹೊಲದವನಿಗೂ ಅವನ ಎತ್ತು ಮೇಯಿಸಿದವನಿಗೂ ಅದೇ ಅಳತೆ. ನಮ್ಮ ಹಿರಿಯರು ಬುದ್ಧಿವಂತರಿದ್ದರು. ಮಣ್ಣಿನ ಮೇಲೆ ಏನು ಮಾಡಬೇಕೆಂದು ಅವರು ಹೇಳಿ ಹೋಗಲಿಲ್ಲ, ಅಲ್ಲಿಯೇ ನಮ್ಮವರಿಗೆ ದಾರಿ ಸಿಕ್ಕಿತು.

ಮೊದಲು ಒಬ್ಬ ಗುತ್ತಿಗೆದಾರ ತನ್ನ ಅಪ್ಪನಿಗೆ ಬಿಳಿ ಟೈಲ್ಸಿನ ಕಟ್ಟೆ ಕಟ್ಟಿಸಿದ. ಬಚ್ಚಲಿಗೆ ತಂದು ಉಳಿದ ಟೈಲ್ಸು ಎಂದು ಊರಿಗೆಲ್ಲ ಗೊತ್ತಿದ್ದರೂ ಅದರ ಬಾಜೂ ಮನೆತನದವರಿಗೆ ನಿದ್ದೆ ಹತ್ತಲಿಲ್ಲ. ಅವರು ಕರಿ ಗ್ರಾನೈಟು ತಂದರು. ಮೂರನೆಯವರು ನಾಲ್ಕು ಕಂಬದ ಮಂಟಪ ಎಬ್ಬಿಸಿ, ಅದಕ್ಕೊಂದು ಗೇಟು ಹಾಕಿ, ಗೇಟಿಗೆ ಕೀಲಿ ಜಡಿದರು. ಒಳಗಿದ್ದವನು ಎದ್ದು ಹೋಗುತ್ತಾನೋ, ಹೊರಗಿನವರು ನುಗ್ಗುತ್ತಾರೋ, ಯಾವ ಹೆದರಿಕೆಗೆ ಆ ಕೀಲಿ ಎಂದು ನಾನು ಕೇಳಿದೆ. ನಕ್ಕುಬಿಟ್ಟರು. ಕೀಲಿಕೈ ಕಳೆದುಹೋಗಿ ಈಗ ಅವರ ಮನೆಯವರೇ ಕಟಕಟೆ ಹತ್ತಿ ಒಳಗೆ ಜಿಗಿದು ಹೂ ಏರಿಸಿ ಬರುತ್ತಾರೆ.

ಇನ್ನೊಂದು ಅರ್ಧ ಮೂರ್ತಿ ಇದೆ. ತೀರಿಕೊಂಡವರದು ಮತದಾರರ ಚೀಟಿಯ ಮೇಲಿನ ಫೋಟೋ ಬಿಟ್ಟರೆ ಬೇರೆ ಫೋಟೋ ಇರಲಿಲ್ಲ. ಅದನ್ನು ನೋಡಿ ಮಾಡಿದ ಮೂರ್ತಿಯಲ್ಲಿ ಅವರಿಗೆ ಬದುಕಿದ್ದಾಗ ಎಂದೂ ಇಲ್ಲದ ಹುರಿಮೀಸೆ ಬಂದು ಕೂತಿದೆ. ಹೆಂಡತಿ ಮೊದಲ ದಿನ ನೋಡಿ ಸೆರಗು ಮುಂದಕ್ಕೆಳೆದುಕೊಂಡು, "ಇವ್ರ್ಯಾರ್ರಿ?" ಎಂದು ಕೇಳಿದ್ದು ನನ್ನ ಕಿವಿಯಿಂದಲೇ ಕೇಳಿದ್ದೇನೆ. ಇದೆಲ್ಲಕ್ಕೂ ಮೇಲಾದವನು ನಮ್ಮ ನಿವೃತ್ತ ಪೋಸ್ಟಮಾಸ್ತರ. ಮಕ್ಕಳ ಮೇಲೆ ಭರವಸೆಯಿಲ್ಲವೆಂದು ತನ್ನ ಸಮಾಧಿಯನ್ನು ತಾನೇ ಕಟ್ಟಿಸಿಕೊಂಡಿದ್ದಾನೆ. ಜನನದ ತಾರೀಖು ಕೆತ್ತಿದೆ, ಲಿಂಗೈಕ್ಯರಾದ ತಾರೀಖಿನ ಜಾಗ ಬಿಟ್ಟಿದೆ. ಪ್ರತಿ ಅಮಾವಾಸ್ಯೆಗೆ ಬಕೆಟ್ಟು ಹಿಡಿದು ಹೋಗಿ ತೊಳೆದು, ಅದರ ಮೇಲೆಯೇ ಕೂತು ಎಲೆ ಅಡಿಕೆ ಹಾಕಿಕೊಂಡು ಬರುತ್ತಾನೆ. "ಗಾಳಿ ಚೊಲೊ ಬರತೈತಿ ಸರ, ನೀವೂ ಬಾಜೂಕ ಹಿಡದಬಿಡ್ರಿ" ಎಂದು ನನಗೂ ಆಗ್ರಹ ಮಾಡಿದ್ದ.

ಆದರೆ ಎರೆಮಣ್ಣು ಯಾರ ಮುಲಾಜೂ ನೋಡುವುದಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುವ ನೆಲ ನಮ್ಮದು. ಎರಡು ಬೇಸಿಗೆ ಕಳೆಯುವುದರೊಳಗೆ ಟೈಲ್ಸಿನ ಕಟ್ಟೆ ನಡುವೆ ಸೀಳಿತು, ಗ್ರಾನೈಟು ಬಾಗಿತು, ಹುರಿಮೀಸೆಯವರು ದಾರಿಯಲ್ಲಿ ಹೋಗುವವರ ಕಡೆ ಓರೆಯಾಗಿ ನೋಡತೊಡಗಿದರು. ತಲೆತಲಾಂತರದಿಂದ ಎರೆಹೊಲ ಉತ್ತ ಜನಕ್ಕೆ, ಎರೆಯ ಕೆಳಗಿನ ಗಟ್ಟಿ ಗರಸು ಸಿಗುವ ತನಕ ಅಗೆಯದೆ ಇಲ್ಲಿ ಭಾರ ನಿಲ್ಲುವುದಿಲ್ಲ ಎಂಬುದು ಹೊಳೆಯಲಿಲ್ಲ. ನಾನು ದಿನಾ ಸಂಜೆ ವಾಕಿಂಗಿಗೆ ಹೋಗಿ ಯಾವುದು ಎಷ್ಟು ವಾಲಿದೆ ಎಂದು ನೋಡಿ ಬರುತ್ತಿದ್ದೆ. ಅದರಷ್ಟು ಸಂತೋಷ ನನಗೆ ನಿವೃತ್ತಿಯ ಮೇಲೆ ಬೇರೊಂದು ಇರಲಿಲ್ಲ.

ಈ ಜಾತ್ರೆಯ ನಡುವೆ ನಮ್ಮ ಅಕ್ಕನೂ ಅಲ್ಲೇ ಇದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋದಳು. ನಮ್ಮೂರಲ್ಲಿ ಮಕ್ಕಳ ಮಣ್ಣಿನ ಮೇಲೆ ಕಟ್ಟೆ ಕಟ್ಟುವ ರೂಢಿ ಇಲ್ಲ. ಗುರುತಿಗೆ ಮನೆಯ ಒಂದು ಕಲ್ಲು ಇಟ್ಟು ಬರುತ್ತಾರೆ. ಅವ್ವ ನಮ್ಮ ಒಡೆದ ಬೀಸುಕಲ್ಲಿನ ಒಂದು ಹೋಳನ್ನು ಇಟ್ಟು ಬಂದಿದ್ದಳು. ಮಣ್ಣಿನ ದಿಬ್ಬ ಎರಡು ಮಳೆಗೆ ಮಟ್ಟಸವಾಯಿತು, ಕಲ್ಲೂ ಅರ್ಧ ಹೂತುಹೋಯಿತು. ಅವ್ವನಿಗೆ ಮಾತ್ರ ಲೆಕ್ಕ ಪಕ್ಕಾ ಇತ್ತು. ಬನ್ನಿಗಿಡದ ಬುಡದಿಂದ ಮೂಡಲಕ್ಕೆ ಹದಿನಾಲ್ಕು ಹೆಜ್ಜೆ. ವರ್ಷಕ್ಕೊಮ್ಮೆ, ಶ್ರಾವಣದ ಕಡೆಯ ಸೋಮವಾರ, ಒಬ್ಬಳೇ ಹೋಗಿ ಕಲ್ಲಿಗೆ ನೀರು ಹಾಕಿ ಬೆಲ್ಲದ ಚೂರು ಇಟ್ಟು ಬರುತ್ತಿದ್ದಳು.

ಅವ್ವನಿಗೆ ಈಗ ಎಂಬತ್ತು ದಾಟಿದೆ. ನಮ್ಮ ಜೊತೆಗೇ ಇದ್ದಾಳೆ, ಸೊಸೆಯ ಕೂಡ ಚೆನ್ನಾಗಿದ್ದಾಳೆ, ನನ್ನಿಂದ ಏನನ್ನೂ ಬೇಡಿದವಳಲ್ಲ. ಬೇಡಿದ್ದು ಒಂದೇ. "ನನ್ನ ಅಕಿ ಬಾಜೂಕ ಕುಂಡರಸು. ಸಣ್ಣದಿದ್ದಾಗ ಒಬ್ಬಾಕಿನ ಬಿಟ್ಟ ಬಂದೇನಿ." ಇದನ್ನು ನಾಲ್ಕಾರು ಸಲ ಹೇಳಿದ್ದಳು. ಪ್ರತಿ ಸಲವೂ ನಾನು ಹೂಂ ಎಂದಿದ್ದೆ. ಆದರೆ ಆ ಹದಿನಾಲ್ಕು ಹೆಜ್ಜೆಯನ್ನು ಒಂದು ಸಲವೂ ಎಣಿಸಿರಲಿಲ್ಲ. ದಿನಾ ಸಂಜೆ ಬೇರೆಯವರ ಕಲ್ಲು ವಾಲಿದ್ದನ್ನು ಅಳೆಯುತ್ತಿದ್ದವನಿಗೆ ಅದಕ್ಕೆ ಪುರುಸೊತ್ತು ಆಗಲಿಲ್ಲ.

ಎರಡು ವರ್ಷದ ಕೆಳಗೆ ನಮ್ಮೂರ ದೊಡ್ಡ ಸಾಹುಕಾರರು ತೀರಿಕೊಂಡರು. ಮಗ ಎಲ್ಲರನ್ನೂ ಮೀರಿಸುವ ಅಮೃತಶಿಲೆಯ ಮಂಟಪ ಕಟ್ಟಿಸುತ್ತೇನೆಂದು ಹೊರಟ. ಅವನು ಬುದ್ಧಿವಂತ, ಗರಸು ಸಿಗುವ ತನಕ ಜೇಸೀಬಿಯಿಂದ ಪಾಯ ಅಗೆಸುವುದೆಂದು ಮೊದಲೇ ಠರಾಯಿಸಿದ್ದ. ಸುತ್ತ ಓಡಾಡಲು ಟೈಲ್ಸಿನ ಹಾದಿ, ಹಾದಿಯ ಸುತ್ತ ಕಟಕಟೆ. ಪ್ರದಕ್ಷಿಣೆ ಹಾಕುವುದಕ್ಕಂತೆ! ಬದುಕಿದ್ದಾಗ ಎದುರಿಗೆ ಬಂದರೆ ಜನ ಓಣಿ ತಪ್ಪಿಸಿ ಹೋಗುತ್ತಿದ್ದ ಮನುಷ್ಯನ ಸುತ್ತ ಪ್ರದಕ್ಷಿಣೆ.

ಬರಹಕ್ಕೆ ನನ್ನ ಹತ್ತಿರವೇ ಬಂದ. ಬಾವಿಯ ಮಾತು ಬರಬೇಕೆಂದ. ನನಗೆ ನಗು ತಡೆಯುವುದು ಕಷ್ಟವಾಯಿತು. ಉಳಿದ ಬಾವಿಗಳಲ್ಲಿ ಸವಳು ನೀರಿದ್ದಾಗ ಸಾಹುಕಾರರದೊಂದೇ ಸಿಹಿನೀರ ಬಾವಿ. ಬೇಸಿಗೆ ಬಂತೆಂದರೆ ಸುತ್ತ ಜಾಲಿಮುಳ್ಳು ಬಡಿದು ಆಳು ಕಾವಲಿಡುತ್ತಿದ್ದರು. ಅವ್ವ ಖಾಲಿ ಕೊಡ ಹೊತ್ತು ತಿರುಗಿ ಬಂದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆ ನೆನಪು ಇಟ್ಟುಕೊಂಡೇ ಪೆನ್ನು ತೆಗೆದು 'ಊರಿಗೆ ನೀರುಣಿಸಿದ ಆಧುನಿಕ ಭಗೀರಥ' ಎಂದು ಬರೆದೆ. ಬರೆಯುತ್ತಾ ನಾನು ಬಹಳ ಜಾಣನೆಂದುಕೊಂಡೆ. ಗೊತ್ತಿದ್ದವರು ಓದಿ ಒಳಗೊಳಗೇ ನಗಲಿ ಎಂಬ ಲೆಕ್ಕ ನನ್ನದು. ಇಲ್ಲಿಯವರೆಗೆ ಯಾರೂ ನಕ್ಕಿಲ್ಲ, ಶಾಲೆಯ ಮಕ್ಕಳು ಅದನ್ನು ನೋಡಿ ಬರೆದುಕೊಂಡು ಭಾಷಣ ಮಾಡುತ್ತಾರೆ.

ಆ ಹಾಳೆಯ ಜೊತೆಗೇ ಇನ್ನೊಂದು ಹಾಳೆ ಬಂತು. ರುದ್ರಭೂಮಿಗೆ ಒಂದು ಸುಧಾರಣಾ ಕಮಿಟಿ ಇದೆ, ಓದಿದವನೆಂದು ನನ್ನನ್ನೂ ಸೇರಿಸಿಕೊಂಡಿದ್ದಾರೆ. ದೊಡ್ಡ ಜಾಗ ಹಿಡಿಯುವವರು ಕಮಿಟಿಯ ಒಬ್ಬ ಮೆಂಬರನಿಂದ ಪಂಚನಾಮೆ ಮಾಡಿಸಬೇಕೆಂಬ ನಿಯಮವನ್ನು ಹಾಕಿದವನೂ ನಾನೇ. 'ಸದರಿ ಜಾಗವನ್ನು ಖುದ್ದು ನೋಡಲಾಗಿದ್ದು, ಅಲ್ಲಿ ಬೇರೆ ಯಾರ ಸಮಾಧಿಯೂ ಇರುವುದಿಲ್ಲ.' ಹೊರಗೆ ಸುಡುವ ಬಿಸಿಲು, ಎದುರಿಗೆ ಆರುತ್ತಿದ್ದ ಚಹಾ. "ಬನ್ನಿಗಿಡದ ಆಚೀಕಡೆ ಐತ್ರಿ ಸರ, ಅಪ್ಪನ ಸುತ್ತ ಬರೇ ಕರಕಿ ಬೆಳದೈತಿ" ಎಂದು ಸಾಹುಕಾರರ ಮಗ ಹೇಳಿದ. ಬನ್ನಿಗಿಡ ಎಂದಾಗಲೂ ನನ್ನ ತಲೆಯಲ್ಲಿ ಏನೂ ಹೊಳೆಯಲಿಲ್ಲ. ಭಗೀರಥನ ಸಾಲನ್ನು ಮತ್ತೊಮ್ಮೆ ಓದಿಕೊಂಡು ಸಂತೋಷಪಡುತ್ತಾ ಸಹಿ ಹಾಕಿಕೊಟ್ಟೆ.

ವೈಶಾಖದಲ್ಲಿ ಅನಾವರಣವಾಯಿತು. ಮಠದ ಅಜ್ಜಾರು ಬಂದರು, ಶಾಮಿಯಾನ, ಧ್ವನಿವರ್ಧಕ, ಗೋದಿ ಹುಗ್ಗಿ. ಬರೆದುಕೊಟ್ಟದ್ದಕ್ಕೆ ನನಗೆ ಶಾಲು ಹೊದಿಸಿದರು. ಟೈಲ್ಸಿನ ಹಾದಿಯ ಮೇಲೆ ನಿಂತು ಕೈಮುಗಿದೆ. ಚಪ್ಪಾಳೆ ಹೊಡೆದರು.

ಶ್ರಾವಣದ ಕಡೆಯ ಸೋಮವಾರ ಅವ್ವನಿಗೆ ಕಾಲುನೋವು ಜಾಸ್ತಿಯಿತ್ತು. ಮೊದಲ ಸಲ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಬನ್ನಿಗಿಡದ ಬುಡ ಮುಟ್ಟಿ ಹೆಜ್ಜೆ ಎಣಿಸಲು ಶುರು ಮಾಡಿದಳು. ಒಂಬತ್ತಕ್ಕೆ ಸಾಹುಕಾರರ ಮಂಟಪದ ಕಟಕಟೆ ಅಡ್ಡ ಬಂತು. ನಾನು ಅದರ ಗೇಟು ತೆಗೆದೆ. ಅವ್ವ ಮಂಟಪವನ್ನು ತಲೆಯೆತ್ತಿಯೂ ನೋಡಲಿಲ್ಲ. ಹತ್ತು, ಹನ್ನೊಂದು ಎಂದು ಎಣಿಸುತ್ತಾ ಟೈಲ್ಸಿನ ಮೇಲೆ ನಡೆದು ಹದಿನಾಲ್ಕಕ್ಕೆ ನಿಂತಳು. ಅದು ನಾನು ಶಾಲು ಹೊದ್ದು ನಿಂತಿದ್ದ ಜಾಗ.

"ಕಲ್ಲೆಲ್ಲೆ ಹೋತು?"

ಅವ್ವ ಕೋಲಿನಿಂದ ಟೈಲ್ಸು ಕುಟ್ಟಿದಳು.

"ಇಲ್ಲೆ ಕುಂತಾಳ ಅಕಿ. ಯಾರನ್ನ ಕೇಳಿ ಇದನ್ನ ಮುಚ್ಚಿದ್ರು?"

"ಕಮಿಟಿಯವ್ರು ನೋಡಿರ್ತಾರವ್ವ" ಎಂದೆ. ಕಮಿಟಿಯವರು! ಅರವತ್ತು ದಾಟಿದ ಗಂಡಸು, ಹಡೆದವಳ ಎದುರಿಗೆ, ಆ ಜಾಗದಲ್ಲಿ ನಿಂತು ಹಾಗೆ ಹೇಳಿದೆ. ಬಾಗಿದ ಕಲ್ಲುಗಳನ್ನು ನೋಡಿ ನಗುತ್ತಿದ್ದ ಬಾಯಿ ಇದೇ. ಅವ್ವ ತಂದಿದ್ದ ನೀರನ್ನು ಟೈಲ್ಸಿನ ಮೇಲೆ ಹಾಕಿದಳು. ಅದು ಎಲ್ಲೂ ಇಂಗದೆ ಹರಿದು ಕಟಕಟೆಯ ಹೊರಗೆ ಹೋಯಿತು.

ಮರುದಿನ ಬೆಳಿಗ್ಗೆ ಸಾಹುಕಾರರ ಮನೆಗೆ ಹೋದೆ. ಹಾದಿಯುದ್ದಕ್ಕೂ ಜಗಳಕ್ಕೆ ಬೇಕಾದ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಮಗ ಎದ್ದು ನಿಂತು ಕೈಮುಗಿದ, ಕುರ್ಚಿ ಕೊಟ್ಟ, ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಪಂಚನಾಮೆ ತಂದು ನನ್ನ ತೊಡೆಯ ಮೇಲಿಟ್ಟ.

"ಸರ, ನೀವ ನೋಡೇನಿ ಅಂತ ಸಹಿ ಮಾಡೀರಿ. ನಿಮ್ಮ ಮಾತಿನ ಮ್ಯಾಲ ಕೆಲಸ ಹಿಡದ್ವಿ. ಒಡಸೂಣಂದ್ರ ಒಡಸೂಣ್ರಿ, ನಂದೇನ ತಕರಾರಿಲ್ಲ. ಆದ್ರ ಕಮಿಟಿ ಮುಂದ ನೀವ ನಿಂತ ಹೇಳಬೇಕ್ರಿ, ನೋಡಲಾರದ ಸಹಿ ಮಾಡೇನಿ ಅಂತ. ಇಲ್ಲಂದ್ರ ನಾಳೆ ಎಲ್ಲಾರೂ ಬಂದು ನಮ್ಮವರೂ ಇಲ್ಲೇ ಅದಾರ ಅಂತಾರ."

ಅವನ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ಅವನು ಒರಟಾಗಿ ಮಾತಾಡಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ವಿಚಾರ ಮಾಡಿ ಹೇಳುತ್ತೇನೆಂದು ಎದ್ದು ಬಂದೆ. ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅವ್ವ ಕೇಳಿದ್ದು ಒಂದೇ ಮಾತು. "ಸಹಿ ನಿಂದ ಏನು?" ಹೌದೆಂದೆ. ಅಂದಿನಿಂದ ನನ್ನ ಕೂಡ ಮಾತು ಬಿಟ್ಟಳು. ನಾನು ಎದುರಿಗೆ ಕೂತಿದ್ದರೂ ಸೊಸೆಗೆ, "ರೊಟ್ಟಿ ಆರತಾವಂತ ನಿನ್ನ ಗಂಡಗ ಹೇಳು" ಎನ್ನುತ್ತಿದ್ದಳು. ಹೀಗೆ ಒಂಬತ್ತು ದಿನ ನಡೆಯಿತು. ಕಮಿಟಿಯ ಮುಂದೆ ನಿಲ್ಲುವುದು ನನಗೆ ಅಷ್ಟು ಕಷ್ಟವಾಗಿತ್ತು. ಊರಲ್ಲಿ ಯಾರ ಕಾಗುಣಿತ ತಿದ್ದದೆ ಬಿಟ್ಟಿದ್ದೇನೆ, ಯಾರ ಸಮಾಧಿಯನ್ನು ಆಡಿಕೊಳ್ಳದೆ ಬಿಟ್ಟಿದ್ದೇನೆ? ಅವರೆಲ್ಲರೂ ಅಲ್ಲಿ ಕೂತಿರುತ್ತಾರೆ.

ಹತ್ತನೆಯ ದಿನ ಅವ್ವ ಎದ್ದು ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಗೋಡೆ ಹಿಡಿದಳು. ಬೀಳಲಿಲ್ಲ. ಆದರೆ ಇವಳು ಇವತ್ತು ಹೋದರೆ ಎಲ್ಲಿ ಕೂಡಿಸಲಿ? ಅವತ್ತೇ ಕಮಿಟಿ ಕರೆಸಿದೆ.

ಮಠದ ಪಡಸಾಲೆಯಲ್ಲಿ ಎಲ್ಲರೂ ಕೂತರು. ನಾನು ಎದ್ದು ನಿಂತು, ಜಾಗ ನೋಡದೆ ಸಹಿ ಮಾಡಿದೆ, ಅಲ್ಲಿ ನನ್ನ ಅಕ್ಕ ಇದ್ದಾಳೆ ಎಂದು ಹೇಳಿದೆ. ಗೇಟಿಗೆ ಕೀಲಿ ಹಾಕಿಸಿದ ಮನೆಯವನು ಕೆಮ್ಮಿ, "ನಮ್ಮ ಕೀಲಿ ನೋಡಿ ಭಾಳ ನಕ್ಕಿದ್ರಿ ಸರ. ನಮ್ಮಪ್ಪ ಎಲ್ಲೆ ಅದಾನ ಅಂತ ನಮಗರ ಗೊತ್ತೈತ್ರಿ" ಎಂದ. ಪೋಸ್ಟಮಾಸ್ತರ ಬಾಯಿಯ ಎಲೆ ಉಗುಳಿ ಬಂದು, "ಹೋಗ್ಲಿ ಬಿಡೋ, ಮುದುಕಿ ಮಾರಿ ನೋಡಿ ಒಡಸ್ರಿ" ಎಂದ. ಒಡೆಯುವುದೆಂದು ಠರಾವಾಯಿತು. ಪೋಸ್ಟಮಾಸ್ತರನ ಮೇಲೆ ನಾನು ಕಟ್ಟಿದ ಚೇಷ್ಟೆಗಳು ಎಷ್ಟೆಂದು ನನಗೇ ಗೊತ್ತು, ಅವನ ಮುಖ ನೋಡುವುದು ನನ್ನಿಂದಾಗಲಿಲ್ಲ.

ಎರಡು ದಿನದ ಮೇಲೆ ಆರು ಟೈಲ್ಸು ಎಬ್ಬಿಸಿದರು. ಕಟಕಟೆಯ ಒಂದು ಮಗ್ಗುಲು ಕತ್ತರಿಸಿ, ಇಬ್ಬರು ಕೂಡುವಷ್ಟು ಜಾಗ ಹೊರಗೆ ಬಿಟ್ಟರು. ಮಂಟಪದ ಪಾಯ ಅಕ್ಕನ ಕುಣಿಗೆ ಮುಟ್ಟಿಲ್ಲ, ಒಂದು ಮೊಳ ದೂರವಿದೆ ಎಂದು ಜೇಸೀಬಿಯವನು ಅಳೆದು ತೋರಿಸಿದ. ಬೀಸುಕಲ್ಲಿನ ಹೋಳು ಕಂಪೌಂಡಿನ ಹಿಂದೆ ಒಡೆದ ಇಟ್ಟಿಗೆಯ ರಾಶಿಯಲ್ಲಿ ಸಿಕ್ಕಿತು. ಅವ್ವ ಅದನ್ನು ತಾನೇ ಇಟ್ಟು, ಬಾಜೂ ಜಾಗವನ್ನು ಅಂಗೈಯಿಂದ ಎರಡು ಸಲ ಸವರಿದಳು. ಮುಖದ ಬಿಗಿ ಸಡಿಲಿತು. ನನಗೂ ಉಸಿರು ಬಂತು.

ಸಾಹುಕಾರರ ಮಗ ಅಲ್ಲೇ ನಿಂತಿದ್ದ. "ಸರ, ಅಕ್ಕಾರಿಗೂ ಒಂದು ಸಣ್ಣ ಗ್ರಾನೈಟ ಕೂಡಸೂಣ್ರಿ. ಮತ್ತ ಯಾರೂ ತಪ್ಪ ಮಾಡಬಾರದು. ನೀವ ಎರಡ ಸಾಲ ಬರದ ಕೊಡ್ರಿ" ಎಂದ. ನನಗೆ ಅದು ಒಳ್ಳೆಯದೆನಿಸಿತು. ಮನೆಗೆ ಬಂದವನೇ ಪಡಸಾಲೆಯಲ್ಲಿ ಹಾಳೆ ಹಿಡಿದು ಕೂತೆ. ಊರಿನವರಿಗೆಲ್ಲ ಬರೆದಿದ್ದೇನೆ, ಒಡಹುಟ್ಟಿದವಳಿಗೆ ಇಲ್ಲಿಯವರೆಗೆ ಒಂದು ಅಕ್ಷರ ಬರೆದಿಲ್ಲ ಎಂದು ದುಃಖ ಉಕ್ಕಿ ಬಂತು.

"ಅವ್ವ, ಅಕ್ಕನ ಮ್ಯಾಲ ಏನಂತ ಬರೀಲಿ?" ಎಂದು ಕೇಳಿದೆ.

ಅವ್ವ ಕಾಲು ಚಾಚಿ ಗೋಡೆಗೆ ಆತು ಕೂತಿದ್ದಳು. ಹನ್ನೆರಡು ದಿನದ ಮೇಲೆ ನನ್ನ ಕಡೆ ತಿರುಗಿ ಮಾತಾಡಿದಳು.

"ಅಲ್ಲೆ ಯಾರೂ ಇಲ್ಲಂತ ಬರದ ಕೊಟ್ಟೀಯಲ್ಲಲೇ ತಮ್ಮಾ. ಅಕಿ ಮ್ಯಾಲ ನೀ ಬರದದ್ದು ಅದೊಂದ. ಇನ್ನೇನ ಬರೀತಿ?"